ಯಾವ ಜೈಲಿಗೂ ಬೇಡವಾಗಿದ್ದ ಕೈದಿ: ಜಿಮ್ಮಿ ಬಾಯ್ಲ್ ಪ್ರಕರಣ

1973ರ ಆರಂಭದ ಹೊತ್ತಿಗೆ ಸ್ಕಾಟ್ಲೆಂಡಿನ ಯಾವ ಜೈಲಿಗೂ ಜಿಮ್ಮಿ ಬಾಯ್ಲ್ ಬೇಡವಾಗಿದ್ದ. ವಯಸ್ಸು 28. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿ ಐದು ವರ್ಷ ದಾಟಿತ್ತು. ಒಳಗೆ ಸಿಬ್ಬಂದಿ ಮೇಲೆ ಕೈ ಮಾಡಿದ್ದಕ್ಕೆ ಶಿಕ್ಷೆಯ ಮೇಲೆ ಶಿಕ್ಷೆ ಸೇರುತ್ತಾ ಹೋಗಿತ್ತು. ಒಂದು ಜೈಲಿನವರು ಸುಸ್ತಾದರೆ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಅಲ್ಲಿಯವರಿಗೂ ಸಾಕಾದರೆ ಮತ್ತೊಂದಕ್ಕೆ. ಸ್ಕಾಟ್ಲೆಂಡಿನಲ್ಲೇ ಇವನಷ್ಟು ಕ್ರೂರಿ ಇನ್ನೊಬ್ಬನಿಲ್ಲ ಅಂತ ಪತ್ರಿಕೆಗಳು ಬರೆಯುತ್ತಿದ್ದವು.

ಹತ್ತು ವರ್ಷ ತುಂಬುವುದರೊಳಗೆ ಇದೇ ಮನುಷ್ಯ ಬಿಡುಗಡೆಯಾಗಿ ಎಡಿನ್‌ಬರೋದಲ್ಲಿ ಸಂಸಾರ ಹೂಡಿದ್ದ. ಶಿಲ್ಪಿ ಅಂತ ಹೆಸರು ಮಾಡಿದ್ದ. ಆತ್ಮಕತೆ ಬರೆದಿದ್ದ. ಒಬ್ಬ ಮನೋವೈದ್ಯೆಯನ್ನು ಮದುವೆಯಾಗಿದ್ದ. ಮಾದಕ ವಸ್ತುವಿನ ಚಟಕ್ಕೆ ಬಿದ್ದವರಿಗಾಗಿ, ಜೈಲಿನಿಂದ ಹೊರಬಂದವರಿಗಾಗಿ ಒಂದು ಕೇಂದ್ರ ತೆರೆಯುವ ತಯಾರಿಯಲ್ಲಿದ್ದ.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಸುಲಭದ ದಾರಿ ಹಿಡಿಯುತ್ತಾರೆ. ಕಲ್ಲು ಮನಸ್ಸು, ಕಲೆ ಸಿಕ್ಕಿತು, ಮನಸ್ಸು ಕರಗಿತು. ಕೇಳೋಕೆ ಚೆಂದ. ಆದರೆ ಪ್ರಕರಣವನ್ನು ಮೊದಲಿನಿಂದ ಕೂತು ನೋಡಿದರೆ ಕಲೆ ಬರುವುದು ಸಾಕಷ್ಟು ತಡವಾಗಿ. ಅದಕ್ಕೂ ಮುಂಚೆ ಬೇರೆ ಏನೋ ನಡೆದಿತ್ತು. ಆ 'ಬೇರೆ ಏನೋ' ಬಾಯ್ಲ್‌ನ ಒಳಗೆ ಆದದ್ದಕ್ಕಿಂತ ಹೆಚ್ಚಾಗಿ ಅವನ ಸುತ್ತ ಆದದ್ದು.

ಬಡವರ ಬೀದಿ, ಬಡ್ಡಿಯ ವ್ಯವಹಾರ

ಬಾಯ್ಲ್ ಹುಟ್ಟಿದ್ದು 1944ರಲ್ಲಿ, ಗ್ಲಾಸ್ಗೋದ ಗೋರ್ಬಲ್ಸ್‌ನಲ್ಲಿ. ಆ ಕಾಲಕ್ಕೆ ಯುರೋಪಿನ ಅತಿ ಕೆಟ್ಟ ಕೊಳೆಗೇರಿಗಳಲ್ಲಿ ಒಂದು ಅಂತ ಅದಕ್ಕೆ ಹೆಸರಿತ್ತು. ಕಲ್ಲಿನ ಹಳೇ ವಠಾರಗಳು, ಒಂದೊಂದು ಕೋಣೆಯಲ್ಲಿ ಒಂದೊಂದು ಕುಟುಂಬ, ಹಲವು ಮನೆಗಳಿಗೆ ಸೇರಿ ಒಂದು ಪಾಯಿಖಾನೆ. ಅಪ್ಪನೂ ಅಪರಾಧಿಗಳ ಸಹವಾಸದಲ್ಲಿದ್ದವನು. ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡ. ಅಮ್ಮ ಬೇರೆಯವರ ಮನೆ ಕಸ ಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಸಣ್ಣ ಕಳ್ಳತನ, ಬಾಲಕರ ಸುಧಾರಣಾ ಶಾಲೆ, ಆಮೇಲೆ ಹದಿಹರೆಯದ ಅಪರಾಧಿಗಳನ್ನಿಡುವ ಬೋರ್ಸ್ಟಲ್, ಆಮೇಲೆ ದೊಡ್ಡವರ ಜೈಲು. ಆ ಬೀದಿಯ ಎಷ್ಟೋ ಹುಡುಗರು ಹತ್ತಿದ ಮೆಟ್ಟಿಲುಗಳೇ ಇವು. ಬಾಯ್ಲ್ ಮಿಕ್ಕವರಿಗಿಂತ ಬೇಗ ಹತ್ತಿದ ಅಷ್ಟೇ.

ಇಪ್ಪತ್ತರ ಆಸುಪಾಸಿನಲ್ಲಿ ಅವನ ಕೆಲಸ ಅಕ್ರಮ ಬಡ್ಡಿ ವ್ಯವಹಾರ. ಬ್ಯಾಂಕಿನ ಮುಖ ನೋಡದ ಜನಕ್ಕೆ ಸಣ್ಣ ಮೊತ್ತದ ಕೈಸಾಲ ಕೊಡೋದು, ವಾರ ವಾರ ಬಡ್ಡಿ ಎಳೆಯೋದು, ಕೊಡದವರಿಗೆ ಹೊಡೆಯೋದು. ಇದನ್ನು ಮರೆಯಬಾರದು. ಬಾಯ್ಲ್ ಬಗ್ಗೆ ಬರೆಯುವವರು ಕೆಲವೊಮ್ಮೆ ಅವನನ್ನು ವ್ಯವಸ್ಥೆಯ ವಿರುದ್ಧ ಎದ್ದು ನಿಂತವನ ಥರ ತೋರಿಸುತ್ತಾರೆ. ಅವನ ಚಾಕುವಿಗೆ ಸಿಕ್ಕವರು ಯಾವ ವ್ಯವಸ್ಥೆಯೂ ಅಲ್ಲ, ಅವನಷ್ಟೇ ಬಡವರು, ಅವನದೇ ಅಕ್ಕಪಕ್ಕದ ಬೀದಿಯವರು.

ಎರಡು ಸಲ ಕೊಲೆ ಆರೋಪ ಬಂದು ತಪ್ಪಿಸಿಕೊಂಡಿದ್ದ. ಸಾಕ್ಷಿ ಹೇಳುವವರೇ ಸಿಗದ ಊರದು. ಮೂರನೇ ಸಲ ಆಗಲಿಲ್ಲ. 1967ರಲ್ಲಿ ವಿಲಿಯಂ ರೂನಿ ಎಂಬವನ ಕೊಲೆಯಾಯಿತು. ಬಾಯ್ಲ್ ಲಂಡನ್ನಿಗೆ ಓಡಿಹೋಗಿ ಅಲ್ಲಿ ಸಿಕ್ಕಿಬಿದ್ದ. ಜೀವಾವಧಿ ಶಿಕ್ಷೆಯಾಯಿತು, ಕನಿಷ್ಠ 15 ವರ್ಷ ಒಳಗಿರಬೇಕು ಅಂತ ನ್ಯಾಯಾಧೀಶರು ಶಿಫಾರಸು ಮಾಡಿದರು. ಹಿಂಸೆ ಮಾಡಿ ಬದುಕಿದ್ದೆ ಅಂತ ಬಾಯ್ಲ್ ಆಮೇಲೆ ಧಾರಾಳವಾಗಿ ಒಪ್ಪಿಕೊಂಡ. ಆದರೆ ರೂನಿಯನ್ನು ಕೊಂದದ್ದು ನಾನಲ್ಲ ಅನ್ನೋ ಮಾತನ್ನು ಬಿಡಲಿಲ್ಲ. ಇದು ಮುಂದೆ ಮತ್ತೆ ಬರುತ್ತದೆ.

ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲು ಶಿಕ್ಷೆ ನಿಂತದ್ದು 1965ರಲ್ಲಿ, ಮೊದಲು ಐದು ವರ್ಷದ ಮಟ್ಟಿಗೆ. 1969ರಲ್ಲಿ ಅದು ಕಾಯಂ ಆಯಿತು. ಕಾನೂನು ಬದಲಾದ್ದರಿಂದ ಜೈಲುಗಳಿಗೆ ಹೊಸ ಸಮಸ್ಯೆ ಬಂತು. ಇಪ್ಪತ್ತು ಚಿಲ್ಲರೆ ವಯಸ್ಸಿನ, ಮೈಯಲ್ಲಿ ಕಸುವಿರುವ, ಹೊರಗೆ ಹೋಗುವ ದಿನವೇ ಕಣ್ಣಿಗೆ ಕಾಣದ ಕೈದಿಗಳು. ಒಳ್ಳೆಯವನಾಗಿದ್ದರೆ ಬೇಗ ಬಿಡುತ್ತೇವೆ ಅನ್ನೋ ಆಸೆ ಇಂಥವರಿಗೆ ತೋರಿಸೋಕೆ ಆಗುತ್ತಿರಲಿಲ್ಲ. ಇನ್ನೊಂದು ವರ್ಷ ಹಾಕುತ್ತೇವೆ ಅನ್ನೋ ಹೆದರಿಕೆಯೂ ನಾಟುತ್ತಿರಲಿಲ್ಲ.

ಪಂಜರ

ಮುಂದಿನ ಐದು ವರ್ಷ ಪೂರ್ತಿ ಯುದ್ಧ. ಬಾಯ್ಲ್ ಜೈಲಧಿಕಾರಿಗೆ ಗುದ್ದಿದ. ಸಿಬ್ಬಂದಿ ಗುಂಪಾಗಿ ಬಂದು ಅವನನ್ನು ಬಡಿದರು. ಒಂಟಿ ಸೆರೆಗೆ ಹಾಕಿದರು. ಅವನು ಬಟ್ಟೆ ಕಿತ್ತೆಸೆದು ಬೆತ್ತಲೆ ಕೂತ. ಮೈಗೂ ಗೋಡೆಗೂ ಮಲ ಬಳಿದುಕೊಂಡ, ಯಾರೂ ಹತ್ತಿರ ಬಾರದಿರಲಿ ಅಂತ.

ಕೊನೆಗೆ ಅವನನ್ನು ಕಳಿಸಿದ್ದು ಉತ್ತರದ ಇನ್ವರ್ನೆಸ್ ಜೈಲಿಗೆ. ಅಲ್ಲಿ 'ಕೇಜ್' ಅಂತಲೇ ಕರೆಯುತ್ತಿದ್ದ ಕೋಣೆಗಳಿದ್ದವು. ಕೋಣೆಯೊಳಗೆ ಇನ್ನೊಂದು ಕಬ್ಬಿಣದ ಸರಳಿನ ಪಂಜರ, ಪಂಜರದೊಳಗೆ ಮನುಷ್ಯ. ಯಾರ ಜೊತೆಗೂ ಮಾತಿಲ್ಲ, ಕೈಗೆ ಕೆಲಸವಿಲ್ಲ, ಹೊತ್ತು ಕಳೆಯಲು ಏನೂ ಇಲ್ಲ. ಹೀಗೆ ತಿಂಗಳುಗಟ್ಟಲೆ.

1972ರ ಕೊನೆಗೆ ಅಲ್ಲಿ ದೊಡ್ಡ ಗಲಾಟೆಯಾಯಿತು. ಬಾಯ್ಲ್ ಮತ್ತು ಇನ್ನು ಕೆಲವು ಕೈದಿಗಳು ಸಿಬ್ಬಂದಿ ಮೇಲೆ ಬಿದ್ದರು. ಒಬ್ಬ ಅಧಿಕಾರಿ ಕಣ್ಣು ಕಳೆದುಕೊಂಡರು. ಬಾಯ್ಲ್‌ಗೆ ಬಿದ್ದ ಏಟಿಗೆ ಅವನು ಬದುಕುವುದೇ ಕಷ್ಟ ಅನ್ನುವಂತಾಯಿತು. ಆ ಗಲಾಟೆಗೆ ಮತ್ತೆ ವಿಚಾರಣೆ, ಮತ್ತೆ ಶಿಕ್ಷೆ.

ಇಲ್ಲಿಗೆ ನಿಲ್ಲಿಸಿ ಲೆಕ್ಕ ಹಾಕಿದರೆ ಸಿಗೋದು ಇಷ್ಟು: ಜೈಲಿನ ಬತ್ತಳಿಕೆಯಲ್ಲಿದ್ದ ಬಾಣಗಳೆಲ್ಲ ಖಾಲಿ. ಬಾಯ್ಲ್ ಮೊದಲಿಗಿಂತ ಜಾಸ್ತಿ ಅಪಾಯಕಾರಿ. ಸಿಬ್ಬಂದಿ ಮೊದಲಿಗಿಂತ ಜಾಸ್ತಿ ಭಯಭೀತರು. ಪಂಜರ ಯಾರನ್ನೂ ಕಾಪಾಡಲಿಲ್ಲ, ಕಾವಲು ಕಾಯುವವರನ್ನೂ ಸೇರಿಸಿ.

ಬಾರ್ಲಿನಿಯ ಹಳೇ ಹೆಂಗಸರ ವಾರ್ಡು

ಇಂಥ ಕೈದಿಗಳನ್ನು ಏನು ಮಾಡುವುದು ಅಂತ ಸರ್ಕಾರ ಮೊದಲೇ ಒಂದು ಸಮಿತಿಗೆ ಕೇಳಿತ್ತು. ದೀರ್ಘ ಶಿಕ್ಷೆಯ, ಹಿಂಸೆಗಿಳಿಯುವ ಕೈದಿಗಳಿಗೆ ಪ್ರತ್ಯೇಕವಾದ ಒಂದು ಸಣ್ಣ ಘಟಕ ಬೇಕು ಅಂತ ಆ ಸಮಿತಿ ಹೇಳಿತು. ಜೈಲಧಿಕಾರಿಗಳ ಸಂಘಕ್ಕೂ ಅದು ಬೇಕಿತ್ತು. ಕರುಣೆ ಉಕ್ಕಿ ಅಲ್ಲ. ತಮ್ಮವರು ಏಟು ತಿನ್ನುವುದು ನಿಲ್ಲಲಿ ಅಂತ. ನನಗೆ ಈ ಪ್ರಕರಣದಲ್ಲಿ ತುಂಬಾ ಮುಖ್ಯ ಅನಿಸುವ ಸಂಗತಿ ಇದು. ಸುಧಾರಣೆಯ ಕನಸು ಕಂಡವರು ಶುರು ಮಾಡಿದ್ದಲ್ಲ, ಬೇರೆ ದಾರಿ ಕಾಣದವರು ಶುರು ಮಾಡಿದ್ದು.

1973ರ ಫೆಬ್ರವರಿಯಲ್ಲಿ ಗ್ಲಾಸ್ಗೋದ ಬಾರ್ಲಿನಿ ಜೈಲಿನ ಆವರಣದಲ್ಲಿ, ಹಿಂದೆ ಹೆಂಗಸರನ್ನು ಇಡುತ್ತಿದ್ದ ಕಟ್ಟಡದಲ್ಲಿ ಸ್ಪೆಷಲ್ ಯೂನಿಟ್ ಬಾಗಿಲು ತೆರೆಯಿತು. ಜಾಗ ಪುಟ್ಟದು. ಕೈದಿಗಳು ಬೆರಳೆಣಿಕೆಯಷ್ಟು. ಸಿಬ್ಬಂದಿಯೇ ಕೈದಿಗಳಿಗಿಂತ ಜಾಸ್ತಿ, ಅದೂ ತಾವಾಗಿ ಬರುತ್ತೇವೆ ಅಂದವರು. ಕೆಲವರಿಗೆ ಮಾನಸಿಕ ರೋಗಿಗಳ ಆರೈಕೆಯ ತರಬೇತಿ ಇತ್ತು.

ಬಾಯ್ಲ್ ಅಲ್ಲಿಗೆ ಬಂದ ದಿನದ ಒಂದು ಪ್ರಸಂಗವನ್ನು ಅವನೇ ಬರೆದುಕೊಂಡಿದ್ದಾನೆ. ಅವನ ಸಾಮಾನಿನ ಗಂಟು ದಾರದಲ್ಲಿ ಕಟ್ಟಿ ಬಂದಿತ್ತು. ಕೆನ್ ಮರ್ರೆ ಅನ್ನೋ ಅಧಿಕಾರಿ ದಾರ ಕತ್ತರಿಸಿಕೋ ಅಂತ ಹರಿತವಾದ ಸಾಧನವನ್ನು ಅವನ ಕೈಗೇ ಕೊಟ್ಟರು. ಕೆಲವೇ ವಾರಗಳ ಹಿಂದೆ ಇದೇ ಕೈಗೆ ಅಂಥದ್ದು ಸಿಕ್ಕರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತು. ಬಾಯ್ಲ್ ತಬ್ಬಿಬ್ಬಾದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ತಿರುಗಿ ಹೊಡೆಯಬಹುದಿತ್ತು. ಇದಕ್ಕೆ ತಿರುಗಿ ಏನು ಮಾಡೋದು?

ಇದನ್ನು ನಂಬಿಕೆಯ ಪವಾಡ ಅಂತ ಹೇಳುವವರಿದ್ದಾರೆ. ಒಂದು ಸಾಧನ ಕೈಗಿಟ್ಟ ಮಾತ್ರಕ್ಕೆ ಯಾರೂ ಬದಲಾಗಲಿಲ್ಲ. ಬಾಯ್ಲ್ ಅದಾದ ಮೇಲೂ ಬಹಳ ದಿನ ಸಿಬ್ಬಂದಿಯನ್ನು ಅನುಮಾನದಿಂದಲೇ ನೋಡುತ್ತಿದ್ದ. ಇವರು ಯಾವಾಗ ಮೇಲೆ ಬೀಳುತ್ತಾರೋ ಅಂತ ಕಾಯುತ್ತಿದ್ದ. ಸಿಬ್ಬಂದಿಯೂ ಹಾಗೇ ಕಾಯುತ್ತಿದ್ದರು. ಕೆಲಸ ಮಾಡಿದ್ದು ದಿನಾ ನಡೆದ ವ್ಯವಸ್ಥೆ. ಅದು ಹೀಗಿತ್ತು.

ವಾರಕ್ಕೊಮ್ಮೆ ಎಲ್ಲರೂ ಸೇರಿ ಸಭೆ ಕೂರಬೇಕು. ಕೈದಿಗಳು, ಅಧಿಕಾರಿಗಳು, ಜೈಲಿನ ಮುಖ್ಯಸ್ಥರಾದ ಗವರ್ನರ್. ಯೂನಿಟ್ ಹೇಗೆ ನಡೆಯಬೇಕು ಅನ್ನೋದು ಅಲ್ಲಿ ಚರ್ಚೆಯಾಗಿ, ಮತಕ್ಕೆ ಹಾಕಿ ತೀರ್ಮಾನ ಆಗುತ್ತಿತ್ತು. ಕೈದಿಯ ಮತಕ್ಕೂ ಅಧಿಕಾರಿಯ ಮತಕ್ಕೂ ತೂಕ ಒಂದೇ. ಯಾರಾದರೂ ತಪ್ಪು ಮಾಡಿದರೆ, ಜಗಳ ತೆಗೆದರೆ, ತುರ್ತಾಗಿ ಸಭೆ ಕರೆಯಬಹುದು. ತಪ್ಪು ಮಾಡಿದವನು ಎಲ್ಲರ ನಡುವೆ ಕೂತು ಉತ್ತರ ಹೇಳಬೇಕು. ಆ ಕುರ್ಚಿಗೆ ಅಲ್ಲಿಯವರು 'ಹಾಟ್ ಸೀಟ್' ಅನ್ನುತ್ತಿದ್ದರು. ತಪ್ಪು ಅಧಿಕಾರಿಯದಾದರೆ ಅವರೂ ಅಲ್ಲೇ ಕೂರಬೇಕು.

ಓದುವಾಗ ಇದು ಸಲೀಸು ಅನಿಸಬಹುದು. ಬಾಯ್ಲ್‌ನಂಥವನಿಗೆ ಇದೇ ಎಲ್ಲಕ್ಕಿಂತ ಕಷ್ಟದ್ದು. ಏಟು ತಿನ್ನೋದು ಅವನಿಗೆ ಅಭ್ಯಾಸ ಆಗಿತ್ತು, ಒಂಟಿ ಸೆರೆಯೂ ಅಭ್ಯಾಸ ಆಗಿತ್ತು. ಆದರೆ ನಾಲ್ಕು ಜನರ ಮುಂದೆ ಕೂತು 'ನೀನು ಹಾಗೆ ಯಾಕೆ ಮಾಡಿದೆ' ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಅವನು ಜೀವಮಾನದಲ್ಲೇ ಮಾಡದ ಕೆಲಸ. ಕೋರ್ಟಿನಲ್ಲಿ ವಕೀಲರು ಮಾತಾಡುತ್ತಾರೆ, ಬೀದಿಯಲ್ಲಿ ಚಾಕು ಮಾತಾಡುತ್ತದೆ. ಇಲ್ಲಿ ತಾನೇ ಬಾಯಿ ಬಿಡಬೇಕಿತ್ತು. ಪ್ರಶ್ನೆ ಕೇಳುವವರಲ್ಲಿ ಅವನಂಥದ್ದೇ ಕೊಲೆಗಾರರೂ ಇದ್ದರು. ಅವರಿಗೆ ಸುಳ್ಳು ಹೇಳಿ ದಾಟಿಕೊಳ್ಳೋದು ಸುಲಭ ಇರಲಿಲ್ಲ.

ಉಳಿದ ಸವಲತ್ತುಗಳು ಇದರ ಜೊತೆ ಬಂದವು. ಸ್ವಂತ ಬಟ್ಟೆ. ಕೋಣೆಯನ್ನು ಬೇಕಾದ ಹಾಗೆ ಇಟ್ಟುಕೊಳ್ಳೋದು. ತಮ್ಮ ಅಡುಗೆ ತಾವೇ ಮಾಡಿಕೊಳ್ಳೋದು. ಕಾಗದಗಳನ್ನು ಯಾರೂ ಒಡೆದು ಓದುತ್ತಿರಲಿಲ್ಲ. ನೋಡೋಕೆ ಬರುವವರ ಮೇಲೆ ಮಾಮೂಲಿ ಜೈಲಿನಷ್ಟು ಬಿಗಿ ಇರಲಿಲ್ಲ. ಪತ್ರಿಕೆಗಳು ಮುಗಿಬಿದ್ದದ್ದು ಇದರ ಮೇಲೆಯೇ. ಕೊಲೆಗಾರರಿಗೆ ರಾಜೋಪಚಾರ ಅನ್ನೋ ಧಾಟಿಯ ಬರಹಗಳು ಯೂನಿಟ್ ಇರುವವರೆಗೂ ನಿಲ್ಲಲಿಲ್ಲ. ಸಭೆಯ ವಿಷಯ ಬರೆದವರು ಕಡಿಮೆ. ಅದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇರಲಿಲ್ಲ ನೋಡಿ.

ಈ ಸಭೆಗಳಲ್ಲಿ ಹಿಂಸೆಗೆ ಬೆಲೆ ಇಲ್ಲದಂತಾಯಿತು. ಪೀಟರ್‌ಹೆಡ್, ಇನ್ವರ್ನೆಸ್‌ನಂಥ ಜೈಲುಗಳಲ್ಲಿ ಅಧಿಕಾರಿಗೆ ಹೊಡೆದವನಿಗೆ ಕೈದಿಗಳ ನಡುವೆ ಮರ್ಯಾದೆ ಹೆಚ್ಚುತ್ತಿತ್ತು. ಇಲ್ಲಿ ಒಬ್ಬ ಹೊಡೆದರೆ ಎಲ್ಲರ ಸವಲತ್ತಿಗೂ ಕುತ್ತು. ಹಾಗಾಗಿ ಅವನನ್ನು ತಡೆಯುವವರು ಕೈದಿಗಳೇ ಆದರು. ಬಾಯ್ಲ್ ಕೆಲವೇ ವರ್ಷಗಳಲ್ಲಿ ಈ ವ್ಯವಸ್ಥೆಯ ದೊಡ್ಡ ಕಾವಲುಗಾರನಾದ. ಹೊಸದಾಗಿ ಬಂದ ಕೈದಿಗಳಿಗೆ ಇಲ್ಲಿನ ರೀತಿ ಹೇಳಿಕೊಡುವುದು, ಹೊಸ ಅಧಿಕಾರಿಗಳ ಅನುಮಾನ ಕಳೆಯುವುದು ಅವನ ಕೆಲಸವಾಯಿತು. ಹಳೇ ಬೀದಿಯಲ್ಲಿ ಮುಂದಾಳಾಗಿದ್ದವನು ಇಲ್ಲೂ ಮುಂದಾಳೇ ಆದ. ಸ್ವಭಾವ ಪೂರ್ತಿ ಬದಲಾಯಿತು ಅನ್ನುವುದಕ್ಕಿಂತ, ಅದೇ ಸ್ವಭಾವಕ್ಕೆ ಬೇರೆ ಕೆಲಸ ಸಿಕ್ಕಿತು ಅನ್ನೋದು ಸರಿ ಅಂತ ನನಗೆ ಕಾಣುತ್ತದೆ.

ಕೈಗೆ ಬಂದ ಜೇಡಿಮಣ್ಣು

ಕಲೆ ಬಂದದ್ದು ಈ ನೆಲ ಹದವಾದ ಮೇಲೆ. ಜಾಯ್ಸ್ ಲೇಂಗ್ ಅನ್ನೋ ಕಲಾ ಚಿಕಿತ್ಸಕಿ ಯೂನಿಟ್ಟಿಗೆ ಬರುತ್ತಿದ್ದರು. ಅವರು ತಂದ ಜೇಡಿಮಣ್ಣಿನ ಮುದ್ದೆಯನ್ನು ಬಾಯ್ಲ್ ಸುಮ್ನೆ ಕೈಗೆತ್ತಿಕೊಂಡ. ಆಮೇಲೆ ಬಿಡಲಿಲ್ಲ. ಮಣ್ಣಿನಿಂದ ಕಲ್ಲಿಗೆ ಹೋದ. ಸುತ್ತಿಗೆ, ಉಳಿ ಹಿಡಿದು ಜೈಲಿನ ಅಂಗಳದಲ್ಲಿ ದಿನಗಟ್ಟಲೆ ಕೆತ್ತಿದ. ಮೈ ಮುದುಡಿಕೊಂಡ, ಕಟ್ಟಿಹಾಕಿಸಿಕೊಂಡ ಮನುಷ್ಯರ ಆಕಾರಗಳು ಅವನ ಕೆಲಸದಲ್ಲಿ ಮತ್ತೆ ಮತ್ತೆ ಬಂದವು.

ಎಡಿನ್‌ಬರೋದ ಗ್ಯಾಲರಿ ನಡೆಸುತ್ತಿದ್ದ ರಿಚರ್ಡ್ ಡಿಮಾರ್ಕೊ ಅವನ ಕೆಲಸವನ್ನು ಹೊರಗಿನವರ ಮುಂದಿಟ್ಟರು. 1976ರಲ್ಲಿ ಎಡಿನ್‌ಬರೋದ ಬಡ ಬಡಾವಣೆ ಕ್ರೇಗ್‌ಮಿಲ್ಲರ್‌ನ ಜನ ಅವನಿಂದ ಒಂದು ವಿನ್ಯಾಸ ಮಾಡಿಸಿದರು. ನೂರು ಅಡಿಯಷ್ಟು ಉದ್ದ ನೆಲದ ಮೇಲೆ ಮಲಗಿದ ಗಲಿವರ್, ಮಕ್ಕಳು ಹತ್ತಿ ಇಳಿದು ಆಡುವಂಥ ಕಾಂಕ್ರೀಟಿನ ದೈತ್ಯ. ಮರುವರ್ಷ ಅವನ ಆತ್ಮಕತೆ ಅಚ್ಚಾಯಿತು. ಅವನ ಬದುಕಿನ ಮೇಲೆ ನಾಟಕ ಬಂತು, ಆಮೇಲೆ ಸಿನಿಮಾ. ಜೈಲಿನ ಪಂಜರಗಳ ವಿಷಯ ಸಾಮಾನ್ಯ ಓದುಗರಿಗೆ ವಿವರವಾಗಿ ಗೊತ್ತಾದದ್ದು ಆ ಪುಸ್ತಕದಿಂದ.

ಅದನ್ನು ಓದಿ ಅವನನ್ನು ನೋಡಲು ಬಂದವರಲ್ಲಿ ಸಾರಾ ಟ್ರೆವೆಲ್ಯನ್ ಒಬ್ಬರು. ಮನೋವೈದ್ಯೆ, ಬ್ರಿಟನ್ನಿನ ಸಿನಿಮಾ ಸೆನ್ಸಾರ್ ಮಂಡಳಿಯ ಮುಖ್ಯಸ್ಥರಾಗಿದ್ದ ಜಾನ್ ಟ್ರೆವೆಲ್ಯನ್ ಅವರ ಮಗಳು. 1980ರಲ್ಲಿ, ಅವನು ಇನ್ನೂ ಕೈದಿಯಾಗಿರುವಾಗಲೇ ಇಬ್ಬರೂ ಮದುವೆಯಾದರು. ಪತ್ರಿಕೆಗಳಿಗೆ ಹಬ್ಬ.

ಆದರೆ ಇದೇ ಯೂನಿಟ್ಟಿನ ಇನ್ನೊಬ್ಬನ ಕತೆಯನ್ನೂ ಇಲ್ಲೇ ಹೇಳಬೇಕು. ಲ್ಯಾರಿ ವಿಂಟರ್ಸ್, ಇನ್ವರ್ನೆಸ್ ಗಲಾಟೆಯಲ್ಲಿ ಬಾಯ್ಲ್ ಜೊತೆಗಿದ್ದವನು. ಬುದ್ಧಿವಂತ, ಕವಿತೆ ಬರೆಯುತ್ತಿದ್ದ. ಅವನಿಗೂ ಅದೇ ಸಭೆ, ಅದೇ ಸ್ವಾತಂತ್ರ್ಯ, ಅದೇ ಅಧಿಕಾರಿಗಳು. 1977ರಲ್ಲಿ ಅವನು ಯೂನಿಟ್ಟಿನ ತನ್ನ ಕೋಣೆಯಲ್ಲೇ ಮಾತ್ರೆ ಜಾಸ್ತಿ ತೆಗೆದುಕೊಂಡು ಸತ್ತ. ಕಲೆ ಮನುಷ್ಯನನ್ನು ಉಳಿಸುತ್ತದೆ ಅನ್ನುವವರು ವಿಂಟರ್ಸ್ ಹೆಸರು ಎತ್ತುವುದು ಅಪರೂಪ. ಹಿಂದಿನ ಜೈಲುಗಳಲ್ಲಿ ಅಂಟಿದ ಮಾತ್ರೆಗಳ ಚಟ ಅವನನ್ನು ಬಿಟ್ಟಿರಲಿಲ್ಲ. ಅದಕ್ಕೆ ಯೂನಿಟ್ ಬಳಿ ಮದ್ದು ಇರಲಿಲ್ಲ.

ಬಿಡುವ ಮುಂಚೆ ಹಿಂದಕ್ಕೆ

1980ರಲ್ಲಿ ಬಾಯ್ಲ್‌ನನ್ನು ಎಡಿನ್‌ಬರೋದ ಸಾಟನ್ ಜೈಲಿಗೆ ವರ್ಗ ಮಾಡಿದರು. ಕಾಗದದ ಮೇಲೆ ಇದು ಬಿಡುಗಡೆಯ ಕಡೆಗೆ ಒಂದು ಹೆಜ್ಜೆ. ಅನುಭವದಲ್ಲಿ ತಿರುವುಮುರುವು. ಏಳು ವರ್ಷ ಸಭೆಯಲ್ಲಿ ಮಾತಾಡಿ ತೀರ್ಮಾನ ಮಾಡುವುದನ್ನು ಕಲಿಸಿ, ಆಮೇಲೆ ಮತ್ತೆ ಮಾಮೂಲಿ ಜೈಲಿನ ಸಮವಸ್ತ್ರಕ್ಕೆ, ಮಾಮೂಲಿ ನಿಯಮಗಳಿಗೆ ತಂದು ನಿಲ್ಲಿಸಿದ್ದರು. ಶಿಲ್ಪದ ಕೆಲಸವೂ ನಿಂತಿತು. ಜರ್ಮನಿಯ ಹೆಸರಾಂತ ಕಲಾವಿದ ಜೋಸೆಫ್ ಬಾಯ್ಸ್ ಇದನ್ನು ಪ್ರತಿಭಟಿಸಿ ಎಡಿನ್‌ಬರೋದಲ್ಲಿ ಉಪವಾಸ ಕೂತರು. ಸರ್ಕಾರ ಜಗ್ಗಲಿಲ್ಲ.

ಅಧಿಕಾರಿಗಳ ವಾದದಲ್ಲೂ ಹುರುಳಿತ್ತು ಅನ್ನಬೇಕು. ಯೂನಿಟ್ ಒಂದು ಪುಟ್ಟ ಲೋಕ. ಅಲ್ಲಿ ಬಾಯ್ಲ್ ದೊಡ್ಡ ಹೆಸರು. ಅಲ್ಲಿಂದ ನೇರ ಬೀದಿಗೆ ಬಿಟ್ಟರೆ, ಯಾರೂ ಅವನ ಮಾತು ಕೇಳದ ಕಡೆ ಅವನು ಹೇಗೆ ನಡೆದುಕೊಳ್ಳುತ್ತಾನೆ ಅನ್ನೋದು ನೋಡಬೇಕಿತ್ತು. ಬಾಯ್ಲ್ ಒಳಗೊಳಗೇ ಕುದಿದ. ಕೈ ಮಾತ್ರ ಎತ್ತಲಿಲ್ಲ. 1982ರಲ್ಲಿ ಬಿಡುಗಡೆಯಾಯಿತು.

ಜೀವಾವಧಿ ಕೈದಿಗೆ ಬ್ರಿಟನ್ನಿನಲ್ಲಿ ಪೂರ್ತಿ ಬಿಡುಗಡೆ ಅನ್ನೋದು ಇಲ್ಲ. 'ಲೈಸೆನ್ಸ್' ಮೇಲೆ ಹೊರಗೆ ಬಿಡುತ್ತಾರೆ. ಸಾಯುವವರೆಗೂ ಅದು ಜಾರಿಯಲ್ಲಿರುತ್ತದೆ. ಷರತ್ತು ಮುರಿದರೆ, ಅಪಾಯ ಅನಿಸಿದರೆ, ಯಾವಾಗ ಬೇಕಾದರೂ ವಾಪಸ್ ಕರೆಸಿಕೊಳ್ಳಬಹುದು.

ಹೊರಗೆ

ಬಾಯ್ಲ್ ಗ್ಲಾಸ್ಗೋಗೆ ಹೋಗಲಿಲ್ಲ, ಎಡಿನ್‌ಬರೋದಲ್ಲಿ ನಿಂತ. ಹಳೇ ದೋಸ್ತಿಗಳಿಂದ ದೂರ ಇರಬೇಕಾದವನಿಗೆ ಇದು ಒಳ್ಳೆಯ ತೀರ್ಮಾನ. ಜೈಲಿನಿಂದ ಬರುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು, ಕೈಗೆ ಒಂದು ಕೆಲಸ, ಜೊತೆಗೆ ನಿಲ್ಲುವ ಒಬ್ಬರು. ಬಾಯ್ಲ್‌ಗೆ ಮೂರೂ ಮೊದಲೇ ಸಿಕ್ಕಿದ್ದವು. ಪುಸ್ತಕದ ಹಣವಿತ್ತು, ಹೆಂಡತಿಗೆ ಒಳ್ಳೆ ಉದ್ಯೋಗ, ಒಳ್ಳೆ ಮನೆತನ. ಅವನ ಜೊತೆ ಅದೇ ವರ್ಷ ಹೊರಬಂದ ಬೇರೆ ಕೈದಿಗಳನ್ನು ಬಾಗಿಲಲ್ಲಿ ಕಾಯುತ್ತಿದ್ದವರು ಯಾರೂ ಇರಲಿಕ್ಕಿಲ್ಲ. ಆದ್ದರಿಂದ 'ನೋಡಿ, ಮನಸ್ಸಿದ್ದರೆ ಮಾರ್ಗ' ಅಂತ ಬಾಯ್ಲ್‌ನನ್ನು ತೋರಿಸಿ ಇನ್ನೊಬ್ಬ ಕೈದಿಗೆ ಹೇಳುವುದು ಅನ್ಯಾಯ.

ಸಾರಾ ಮತ್ತು ಬಾಯ್ಲ್ ಸೇರಿ ಎಡಿನ್‌ಬರೋದಲ್ಲಿ 'ಗೇಟ್‌ವೇ ಎಕ್ಸ್‌ಚೇಂಜ್' ಅನ್ನೋ ಕೇಂದ್ರ ಕಟ್ಟಿದರು. ಜೈಲಿನಿಂದ ಬಂದವರು, ಹೆರಾಯಿನ್ ಚಟದವರು, ಮಾನಸಿಕ ಆಸ್ಪತ್ರೆಯಿಂದ ಬಂದವರು ಬಂದು ಕೂರಬಹುದಾದ ಜಾಗ. ನಾಟಕ, ಚಿತ್ರ, ಶಿಲ್ಪ, ಮಾತು. ಯೂನಿಟ್ಟಿನ ಸಭೆಯ ಪದ್ಧತಿಯನ್ನು ಬೀದಿಗೆ ತರುವ ಪ್ರಯತ್ನ ಅದು.

ಕಾಲ ಬಹಳ ಕೆಟ್ಟದ್ದಾಗಿತ್ತು. 1980ರ ದಶಕದ ನಡುವೆ ಎಡಿನ್‌ಬರೋದ ಬಡ ಬಡಾವಣೆಗಳಲ್ಲಿ ಹೆರಾಯಿನ್ ಹರಡಿತ್ತು. ಹೊಸ ಸಿರಿಂಜು ಸಿಗದಂತೆ ಬಿಗಿ ಮಾಡಿದ್ದರಿಂದ ಒಂದೇ ಸೂಜಿಯನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದರು. ಎಚ್‌ಐವಿ ಕಾಳ್ಗಿಚ್ಚಿನಂತೆ ಹಬ್ಬಿತು. ಯುರೋಪಿನ ಏಡ್ಸ್ ರಾಜಧಾನಿ ಅಂತ ಊರಿಗೆ ಕೆಟ್ಟ ಹೆಸರು ಬಂತು. ಗೇಟ್‌ವೇಗೆ ಬರುತ್ತಿದ್ದವರು ಈ ಜನರೇ. ಕೇಂದ್ರ ದಶಕದ ಕೊನೆಯ ಹೊತ್ತಿಗೆ ಮುಚ್ಚಿತು.

ಹೆಸರು ಅವನಿಗೆ ಬಾಗಿಲು ತೆರೆದ ಹಾಗೆಯೇ ಮುಚ್ಚಿಯೂ ಇತ್ತು. ಶಿಲ್ಪ ಪ್ರದರ್ಶನ ಇಟ್ಟರೆ ವಿಮರ್ಶಕರು ಶಿಲ್ಪ ನೋಡುವ ಮೊದಲು ಕೊಲೆ ಕೇಸು ಬರೆಯುತ್ತಿದ್ದರು. ಕೆಲಸ ಚೆನ್ನಾಗಿದೆಯೋ ಇಲ್ಲವೋ ಅಂತ ನೆಟ್ಟಗೆ ಹೇಳಿದವರು ಕಡಿಮೆ. ಚೆನ್ನಾಗಿ ಬದುಕಿದರೆ 'ಕೊಲೆಗಾರನ ಐಷಾರಾಮಿ ಜೀವನ' ಅನ್ನುವ ಧಾಟಿ. ಹಾಗಂತ ಅವನು ಆ ಹೆಸರಿನಿಂದ ದೂರ ಓಡಿದವನೂ ಅಲ್ಲ. ಪುಸ್ತಕ ಮಾರಿದ್ದು ಅದೇ ಹೆಸರಿನ ಮೇಲೆ. ಜೈಲಿನ ದಿನಚರಿಗಳನ್ನು 1984ರಲ್ಲಿ ಪ್ರಕಟಿಸಿದ. 1999ರಲ್ಲಿ ಕಾದಂಬರಿ ಬಂತು, ಅದೂ ಭೂಗತ ಲೋಕದ್ದೇ. ಯಾರಾದರೂ ನನ್ನ ಹಳೇದನ್ನು ಮರೆಯಿರಿ ಅಂದರೆ, ಮೊದಲು ನೀನು ಮಾರೋದು ನಿಲ್ಲಿಸು ಅಂತ ಜನ ಕೇಳುತ್ತಾರೆ ಅಲ್ವಾ? ಆ ಪ್ರಶ್ನೆ ತಪ್ಪು ಅಂತ ನನಗನಿಸಲ್ಲ. ಆದರೆ ಬೇರೆ ಯಾವ ಹೆಸರಿನ ಮೇಲೆ ಅವನು ಬರೆಯಬೇಕಿತ್ತು ಅನ್ನೋದಕ್ಕೂ ಉತ್ತರ ಇಲ್ಲ.

1994ರಲ್ಲಿ ಅವನ ಮೊದಲ ಸಂಬಂಧದ ಮಗ ಗ್ಲಾಸ್ಗೋದಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಅಪ್ಪ ಜೈಲಿನಲ್ಲಿದ್ದಾಗ ಬೆಳೆದ ಹುಡುಗ. ಅವನಿಗೆ ಮಾದಕ ವಸ್ತುವಿನ ಚಟ ಅಂಟಿತ್ತು. ಸಾರಾ ಜೊತೆಗಿನ ಮದುವೆಯೂ ಮುಂದೆ ಮುರಿಯಿತು. ಬಾಯ್ಲ್ ಮತ್ತೆ ಮದುವೆಯಾದ. ಸ್ಕಾಟ್ಲೆಂಡ್ ಬಿಟ್ಟು ಫ್ರಾನ್ಸ್‌ನಲ್ಲೂ ಮೊರಾಕ್ಕೊದಲ್ಲೂ ನೆಲೆಸಿದ.

ರೂನಿಯ ಲೆಕ್ಕ

ಬೇಡ ವಾಲ್ಮೀಕಿಯಾದ ಕತೆ ಕೇಳಿ ಬೆಳೆದವರು ನಾವು. ಆ ಕತೆಯಲ್ಲಿ ಬೇಡ ತನ್ನ ಹೆಂಡತಿ ಮಕ್ಕಳನ್ನು ಪಾಪದಲ್ಲಿ ಪಾಲು ತಗೋತೀರಾ ಅಂತ ಕೇಳುತ್ತಾನೆ. ದಾರಿಯಲ್ಲಿ ಅವನ ಕೈಗೆ ಸಿಕ್ಕವರ ಹೆಂಡತಿ ಮಕ್ಕಳನ್ನು ಯಾರೂ ಏನೂ ಕೇಳುವುದಿಲ್ಲ. ಬಾಯ್ಲ್ ಪ್ರಕರಣದಲ್ಲೂ ಅದೇ ಆಗಿದೆ. ಬಾಯ್ಲ್ ಬಗ್ಗೆ ಪುಸ್ತಕ, ನಾಟಕ, ಸಿನಿಮಾ, ಲೇಖನ ಬೇಕಾದಷ್ಟು. ರೂನಿ ಎಲ್ಲದರಲ್ಲೂ ಒಂದು ಹೆಸರು, ಒಂದು ಸಾಲು.

ಬಾಯ್ಲ್ ಆ ಕೊಲೆಯನ್ನು ಒಪ್ಪದಿದ್ದದ್ದರಿಂದ ತೊಡಕು ಇನ್ನೂ ಜಾಸ್ತಿ. ಮಾಡಿಲ್ಲ ಅನ್ನುವವನು ಕ್ಷಮೆ ಹೇಗೆ ಕೇಳುತ್ತಾನೆ? ನ್ಯಾಯಾಲಯದ ತೀರ್ಪು ಒಂದು ಹೇಳುತ್ತದೆ, ಅವನು ಇನ್ನೊಂದು ಹೇಳುತ್ತಾನೆ. ತೀರ್ಪು ನಿಂತಿದೆ. ಹೀಗಿರುವಾಗ ಬೇರೆಯವರಿಗೆ ಮಾಡಿದ ಹಿಂಸೆಗೆ, ಒಡೆದ ಮುಖಗಳಿಗೆ, ಹೆದರಿ ಬದುಕಿದ ಸಾಲಗಾರರಿಗೆ ಅವನು ಮರುಗಿದ್ದು ನಿಜವೇ ಇದ್ದರೂ, ಯಾವ ಸಾವಿಗಾಗಿ ಒಳಗೆ ಹೋದನೋ ಅದರ ಮಾತು ಬಂದಾಗ ಕತೆ ಅಲ್ಲೇ ನಿಲ್ಲುತ್ತದೆ. ಯೂನಿಟ್ಟಿನ ಹಾಟ್ ಸೀಟಿನಲ್ಲಿ ಕೈದಿಗಳು, ಅಧಿಕಾರಿಗಳು ಪ್ರಶ್ನೆ ಕೇಳಬಹುದಿತ್ತು. ಸತ್ತವರ ಮನೆಯವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ಇದನ್ನು ಯೂನಿಟ್ಟಿನ ದೋಷ ಅನ್ನಲಾರೆ. ಅದು ಹುಟ್ಟಿದ್ದು ಜೈಲಿನೊಳಗಿನ ಹಿಂಸೆ ನಿಲ್ಲಿಸಲು. ಆ ಕೆಲಸವನ್ನು ಅದು ಮಾಡಿತು. ಮನಶ್ಶಾಸ್ತ್ರಜ್ಞ ಡೇವಿಡ್ ಕುಕ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ಕೈದಿಗಳು ಹಿಂದಿನ ಜೈಲುಗಳಲ್ಲಿ ನಡೆಸಿದ್ದ ಹಲ್ಲೆಗಳ ಜೊತೆ ಹೋಲಿಸಿದರೆ ಯೂನಿಟ್ಟಿನಲ್ಲಿ ಹಲ್ಲೆ ತೀರಾ ಕಡಿಮೆ 
ಅನ್ನೋದು ಕಂಡುಬಂತು. ಬಾಯ್ಲ್ ಅಲ್ಲದೆ ಅಲ್ಲಿಗೆ ಬಂದ ಇನ್ನೂ ಕೆಲವರು ಬೇರೆ ದಾರಿ ಹಿಡಿದರು. 1977ರಲ್ಲಿ ಕೊಲೆ ಮಾಡಿ ಒಳಗೆ ಬಂದ ಹ್ಯೂ ಕಾಲಿನ್ಸ್ ಅಲ್ಲೇ ಶಿಲ್ಪ ಕಲಿತು, 1993ರಲ್ಲಿ ಹೊರಬಂದು ಲೇಖಕನಾದ. ಅವನೂ ಮೊದಮೊದಲು ಅಧಿಕಾರಿಗಳಿಗೆ ಇರಿದವನೇ.

ಆದರೂ 1990ರ ದಶಕದ ನಡುವೆ ಯೂನಿಟ್ ಮುಚ್ಚಿತು. ಒಳಗೆ ಶಿಸ್ತು ಸಡಿಲವಾಗಿದೆ, ಮಾದಕ ವಸ್ತು ಬರುತ್ತಿದೆ, ಕೆಲವರು ವರ್ಷಗಟ್ಟಲೆ ಆರಾಮಾಗಿ ಕೂತುಬಿಟ್ಟಿದ್ದಾರೆ ಅನ್ನೋ ದೂರುಗಳಿದ್ದವು. ದೂರುಗಳು ಸುಳ್ಳಲ್ಲ. ಸಭೆ ನಡೆಸುವ ಹುರುಪಿದ್ದ ಮೊದಲ ತಲೆಮಾರಿನ ಅಧಿಕಾರಿಗಳು ಹೋಗಿದ್ದರು. ಸವಲತ್ತು ಉಳಿದು ಸಭೆ ಸೊರಗಿದರೆ ಅಂಥ ಜಾಗ ನಿಜಕ್ಕೂ ರಾಜೋಪಚಾರದ ಜಾಗವೇ ಆಗುತ್ತದೆ. ಸರಿಪಡಿಸಲು ಇದ್ದ ದಾರಿ ಸಭೆಯನ್ನು ಮತ್ತೆ ಗಟ್ಟಿ ಮಾಡುವುದಾಗಿತ್ತು. ಅದಕ್ಕೆ ತರಬೇತಿ ಬೇಕು, ಜಾಸ್ತಿ ಸಿಬ್ಬಂದಿ ಬೇಕು, ಪತ್ರಿಕೆಗಳ ಬೈಗುಳ ಕೇಳುವ ಧೈರ್ಯ ಬೇಕು. ಮುಚ್ಚೋದಕ್ಕೆ ಒಂದು ಆದೇಶ ಸಾಕಾಗಿತ್ತು.